ಜಾಗಾ ಕಾಯೂದು, ಮಂದೀನ್ನ ಕಾಯೂದು

ಬಾಸ್ಕೆಟ್‌ಬಾಲ್ ಅಂದಕೂಡ್ಲೆ ನಮ್ಮ ಓಣಿಯವರೆಲ್ಲಾ "ಬುಟ್ಟ್ಯಾಗ ಚೆಂಡು ಒಗಿಯೂ ಆಟ ಅಲ್ಲಾ ಅದು?" ಅಂತ ಕೇಳತಾರ. ಹೌದ್ರೀ, ಅದ. ಆದ್ರ ಬುಟ್ಟ್ಯಾಗ ಒಗಿಯೂದು ಅರ್ಧಾ ಆಟ. ಇನ್ನರ್ಧಾ ಆಟ ಅಂದ್ರ ಎದುರಿನವರು ನಮ್ಮ ಬುಟ್ಟ್ಯಾಗ ಒಗೀಲಾರದಂಗ ಕಾಯೂದು. ಒಗಿಯೂದನ್ನ ಎಲ್ಲಾರೂ ನೋಡತಾರ, ಚಪ್ಪಾಳಿ ಹೊಡೀತಾರ. ಕಾಯೂದನ್ನ ಯಾರೂ ನೋಡಂಗಿಲ್ಲ. ಮನಿ ಕೆಲಸ ಇದ್ದಂಗನ ಅದು. ಅಡಗಿ ರುಚಿ ಆದ್ರ ಎಲ್ಲಾರೂ ಹೊಗಳತಾರ, ಹಾಲು ಉಕ್ಕಲಾರದಂಗ ನೋಡ್ಕೊಂಡಾಕಿಗೆ ಯಾರು ಹೊಗಳತಾರ ಹೇಳ್ರಿ? ಅದಕ್ಕ ಇವತ್ತ ನಾನು ಕಾಯೂದರ ಬಗ್ಗೆನ ಬರೀತೀನಿ.

ನನಗ ಈ ವಿದ್ಯಾ ಹೆಂಗ ಬಂತು ಅಂದ್ರ, ನನ್ನ ಸಣ್ಣ ಮಗಳು ಪಿಯುಸಿ ಎರಡೂ ವರ್ಷ ಕಾಲೇಜ್ ಟೀಮಿನ್ಯಾಗ ಆಡಿದ್ಲು. ಸಂಜಿ ಆರಕ್ಕ ಪ್ರಾಕ್ಟೀಸ್ ಮುಗೀತಿತ್ತು. ಕತ್ತಲಾಗತದ ಅಂತ ಕರಕೊಂಡು ಬರಾಕ ನಾನ ಹೋಗತಿದ್ದೆ, ಅದೂ ಐದಕ್ಕ ಹೋಗಿ ಮೈದಾನದ ಕಟ್ಟಿ ಮ್ಯಾಲ ಕೂಡತಿದ್ದೆ. ಚೀಲದಾಗ ಸೋಸೂದಕ್ಕ ಮೆಂತೆ ಪಲ್ಲೆ, ಕಣ್ಣು ಆಟದ ಮ್ಯಾಲ. ಸರ್ ಒದರೂದು ಕೇಳಿ ಕೇಳಿ ನನಗೂ ಅಷ್ಟಿಷ್ಟು ತಿಳೀತು. ತಿಳೀದಿದ್ದು ಮಗಳನ್ನ ಕೇಳಿದೆ. ಅಕಿ ಮೊದಲು ನಕ್ಕಳು, ಆಮ್ಯಾಲ ಹಾಳಿ ಮ್ಯಾಲ ಚಿತ್ರಾ ತಗದು ತೋರಿಸಾಕ ಹತ್ತಿದ್ಲು.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಅಂಗಳ 28 ಮೀಟರ್ ಉದ್ದ, 15 ಮೀಟರ್ ಅಗಲ. ಒಂದೊಂದು ಕಡಿಗೆ ಐದೈದು ಮಂದಿ. ಬುಟ್ಟಿ, ಅಂದ್ರ ರಿಂಗು, ನೆಲದಿಂದ 10 ಫೂಟ್ ಎತ್ತರ. ಹತ್ತಿರದಿಂದ ಹಾಕಿದ್ರ 2 ಪಾಯಿಂಟು, ದೂರದ ಗೆರಿ ಹೊರಗಿಂದ ಹಾಕಿದ್ರ 3. ಆ ಗೆರಿ ರಿಂಗಿನಿಂದ 6.75 ಮೀಟರ್ ದೂರ ಇರತದ, ಮೂಲಿ ಕಡೆ ಸ್ವಲ್ಪ ಹತ್ತಿರ. ಚೆಂಡು ಕೈಗೆ ಬಂದ ಮ್ಯಾಲ 24 ಸೆಕೆಂಡಿನ್ಯಾಗ ಒಗೀಬೇಕು. ಅಂದ್ರ ಕಾಯೂವರು 24 ಸೆಕೆಂಡು ಗಟ್ಟಿ ನಿಂತ್ರ ಅರ್ಧಾ ಗೆದ್ದಂಗ.

ಈಗ ಕಾಯೂದಕ್ಕ ಎರಡು ದಾರಿ ಅವ. ಒಂದು ಮ್ಯಾನ್ ಟು ಮ್ಯಾನ್. ಹೆಣ್ಣುಮಕ್ಕಳು ಆಡಿದ್ರೂ ಅದಕ್ಕ ಹೆಸರು ಅದನ. ನೀನು ಅಕಿನ್ನ ಹಿಡಿ, ನಾನು ಇಕಿನ್ನ ಹಿಡೀತೀನಿ, ಅಕಿ ಎಲ್ಲಿ ಹೋಗತಾಳ ಅಲ್ಲಿ ನೀನೂ ಹೋಗು. ಇನ್ನೊಂದು ಝೋನ್ ಡಿಫೆನ್ಸ್. ಇದರಾಗ ಮಂದೀನ್ನ ಹಿಡಿಯೂದಿಲ್ಲ, ಜಾಗಾ ಹಿಡಿಯೂದು. ಈ ಮೂಲಿ ನಂದು, ಆ ಮೂಲಿ ನಿಂದು. ನನ್ನ ಜಾಗಾಕ್ಕ ಯಾರು ಬಂದ್ರೂ ಅವರು ನನ್ನ ಪಾಲು.

ನಿಮಗ ತಿಳಿಯೂಹಂಗ ಹೇಳಬೇಕಂದ್ರ ಲಗ್ನದ ಊಟ ನೆನಸ್ಕೋರಿ. ಬಡಸೂವರು ಐದು ಮಂದಿ, ಉಣ್ಣೂವರು ಇನ್ನೂರು. ಅಲ್ಲಿ ನಾವು ಏನು ಮಾಡತೀವಿ? ನೀನು ಈ ಪಂಕ್ತಿ, ನಾನು ಆ ಪಂಕ್ತಿ ಅಂತ ಹಂಚ್ಕೋತೀವಿ. ಅದ ಝೋನ್. ಬೀಗರು ಬಂದಾಗ ಮಾತ್ರ ಯಾರರೆ ಒಬ್ಬರು ಅವರ ಎಲಿ ಬಿಟ್ಟು ಸರಿಯಂಗಿಲ್ಲ. ಹೋಳಿಗಿ ಮ್ಯಾಲ ತುಪ್ಪ ಬಿತ್ತೋ ಇಲ್ಲೋ, ಹಪ್ಪಳ ಮುರದದ್ದು ಬಂತೋ ಹೆಂಗ ಅಂತ ಅಲ್ಲೇ ನಿಂತಿರತಾರ. ಅದು ಮ್ಯಾನ್ ಟು ಮ್ಯಾನ್. ಎರಡೂ ಬೇಕು. ಯಾವಾಗ ಯಾವುದು ಅಂತ ತಿಳಕೊಳ್ಳೂದ ಶಾಣ್ಯಾತನ.

ಝೋನಿನ್ಯಾಗ ಮತ್ತ ನಾಕಾರು ತರಾ ಅವ. ಸಂಖ್ಯಾದಾಗ ಹೇಳತಾರ. ಮೊದಲನೇ ಸಂಖ್ಯಾ ಅಂದ್ರ ಮುಂದ ನಿಂತವರು, ಅಂದ್ರ ರಿಂಗಿನಿಂದ ದೂರ ಇದ್ದವರು. ಕಡೀ ಸಂಖ್ಯಾ ಅಂದ್ರ ರಿಂಗಿನ ಕೆಳಗ ನಿಂತವರು.

ಎಲ್ಲಾಕ್ಕಿಂತ ಹೆಚ್ಚು ಆಡೂದು 2-3. ಇಬ್ಬರು ಮುಂದ, ಮೂರು ಮಂದಿ ಹಿಂದ. ರಿಂಗಿನ ಕೆಳಗ ಗರ್ದಿ ಇರತದ, ಎದುರಿನ ಎತ್ತರ ಹುಡುಗೀರು ಒಳಗ ಬಂದು ಹಾಕಾಕ ಜಾಗಾ ಸಿಗಂಗಿಲ್ಲ. ಆದ್ರ ಹೊರಗಿಂದ ಗುರಿ ಇಟ್ಟು ಒಗಿಯೂವರಿದ್ರ ಇದು ತ್ರಾಸ ಕೊಡತದ. ಇನ್ನೊಂದು ತೂತು ಅಂದ್ರ ನಟ್ಟನಡುವ, ಫ್ರೀ ಥ್ರೋ ಗೆರಿ ಹತ್ರ. ಮುಂದಿನ ಇಬ್ಬರ ಬೆನ್ನ ಹಿಂದ, ಹಿಂದಿನ ಮೂವರ ಮುಂದ. ಅಲ್ಲಿ ಯಾರರೆ ನಿಂತು ಚೆಂಡು ತಗೊಂಡ್ರ ನಾಕೂ ಕಡೆ ಬಾಗಿಲಾ ತಗದಂಗ ಆಗತದ.

3-2 ಅಂದ್ರ ಇದರ ಉಲ್ಟಾ. ಮೂವರು ಮುಂದ, ಇಬ್ಬರು ಹಿಂದ. ಹೊರಗಿಂದ ಒಗಿಯೂವರಿಗೆ ಇದು ಮದ್ದು. ಆದ್ರ ಹಿಂದಿನ ಎರಡೂ ಮೂಲಿ ಮತ್ತ ರಿಂಗಿನ ಕೆಳಗ ಬಡತನ. ಇಬ್ಬರ ಎಷ್ಟಂತ ಓಡಬೇಕು?

1-3-1 ಅಂದ್ರ ಒಬ್ಬಾಕಿ ಮುಂದ, ಮೂವರು ನಡುವ ಸಾಲಾಗಿ, ಒಬ್ಬಾಕಿ ಹಿಂದ. ಉದ್ದ ಕೈಯಿನವರು, ಚುರುಕು ಇದ್ದವರು ಇದ್ರ ಇದು ಛೊಲೊ. ಪಾಸು ಕಸಗೊಳ್ಳಾಕ, ಮೂಲ್ಯಾಗ ಇಬ್ಬರು ಕೂಡಿ ಒಬ್ಬಾಕಿನ್ನ ಹಿಡಿಯಾಕ ಬರತದ. ಆದ್ರ ಹಿಂದಿನಾಕಿ ಈ ಮೂಲಿಂದ ಆ ಮೂಲಿಗೆ ಓಡಿ ಓಡಿ ಸಾಕಾಗತಾಳ. ಒಬ್ಬಾಕಿ ತಪ್ಪಿದ್ರ ಬುಟ್ಟಿ ಬಟಾಬಯಲು.

ಇನ್ನೊಂದು ಬಾಕ್ಸ್ ಅಂಡ್ ವನ್. ನಾಕು ಮಂದಿ ಚೌಕದಂಗ ಜಾಗಾ ಕಾಯತಾರ, ಒಬ್ಬಾಕಿ ಮಾತ್ರ ಎದುರಿನ ಹುಲಿಯಂಥಾ ಆಟಗಾರ್ತಿ ಬೆನ್ನು ಬಿಡಂಗಿಲ್ಲ. ನಾನು ಹೇಳಿದ್ನೆಲ್ಲಾ, ಪಂಕ್ತಿಗೆ ನಾಕು ಮಂದಿ, ಬೀಗರಿಗೆ ಒಬ್ಬರು, ಥೇಟ್ ಹಂಗ. ಇದು ಹುಡುಗೂರ ಆಟ ಅಂತ ನಗತಿದ್ರಂತ ದೊಡ್ಡ ದೊಡ್ಡವರು. 2019ರ ಎನ್‌ಬಿಎ ಫೈನಲ್‌ನ್ಯಾಗ ಟೊರಾಂಟೊದವರು ಸ್ಟೀಫನ್ ಕರಿ ಅನ್ನೂ ದೊಡ್ಡ ಆಟಗಾರನ ಮ್ಯಾಲ ಇದನ್ನ ಹಚ್ಚಿದ್ರು. ಆಮ್ಯಾಲ ನಗೂದು ಕಡಿಮಿ ಆತು ಅಂತ ನನ್ನ ಮಗಳು ಹೇಳತಾಳ.

ಹಂಗಾದ್ರ ಯಾವುದನ್ನ ಆರಿಸ್ಕೋಬೇಕು? ಸರ್ ಹುಡುಗೀರಿಗೆ ನಾಕು ಪ್ರಶ್ನಿ ಕಲಿಸಿದ್ರು, ನನಗ ಬಾಯಿಪಾಠ ಆಗ್ಯಾವ. ಒಂದು, ಎದುರಿನವರು ಎಲ್ಲಿಂದ ಹಾಕತಾರ, ಒಳಗಿಂದೋ ಹೊರಗಿಂದೋ? ಎರಡು, ನಮ್ಮಲ್ಲೆ ಎತ್ತರದವರು ಎಷ್ಟು ಮಂದಿ, ಚುರುಕು ಎಷ್ಟು ಮಂದಿ? ಮೂರು, ಯಾರಿಗೆ ಎಷ್ಟು ಫೌಲ್ ಆಗ್ಯಾವ? ಐದು ಫೌಲ್ ಆದ್ರ ಹೊರಗ ಹೋಗಬೇಕಾಗತದ, ನಾಕಾದಾಕಿನ್ನ ಜ್ವಾಪಾನ ಮಾಡಾಕ ಝೋನ್ ಛೊಲೊ. ನಾಕು, ಉಸುರು ಎಷ್ಟು ಉಳದದ? ಈ ನಾಕಕ್ಕ ಉತ್ತರ ಸಿಕ್ಕಮ್ಯಾಲ ಝೋನ್ ಯಾವುದು ಅಂತ ತಾನ ತಿಳೀತದ. ಫ್ಯಾಷನ್ ನೋಡಿ ಸೀರಿ ಉಟ್ಟಂಗ ಡಿಫೆನ್ಸ್ ಆರಿಸಬಾರದು, ಹವಾ ನೋಡಿ ಉಡಬೇಕು.

ಮತ್ತ ಝೋನ್ ಅಂದ್ರ ತಂತಮ್ಮ ಜಾಗಾದಾಗ ಗೂಟದಂಗ ನಿಂದರೂದು ಅಂತ ತಿಳೀಬ್ಯಾಡ್ರಿ. ಚೆಂಡು ಅಲ್ಲಾಡಿದ್ರ ಐದೂ ಮಂದಿ ಅಲ್ಲಾಡಬೇಕು. ಕೈ ಮ್ಯಾಲ ಇರಬೇಕು. ಬಾಯಿ ಮುಚ್ಚಿರಬಾರದು. "ಎಡಕ್ಕ ಬಂದ್ಲು", "ನಿನ್ನ ಹಿಂದ ಅದಾಳ" ಅಂತ ಒದರತಿರಬೇಕು. ಸುಮ್ಮನಿದ್ದ ಝೋನ್ ಸತ್ತ ಝೋನ್ ಅಂತಿದ್ರು ಸರ್. ಮನ್ಯಾಗ ಗಟ್ಟಿ ಮಾತಾಡಬ್ಯಾಡ್ರಿ ಅಂತ ಬೆಳಿಸಿದ ಹುಡುಗೀರಿಗೆ ಮೈದಾನದಾಗ ಬಾಯಿ ತಗಸೂದ ಆ ಸರ್‌ಗೆ ಮೂರು ತಿಂಗಳಿನ ಕೆಲಸ ಆತು ನೋಡ್ರಿ.

ಇಲ್ಲೊಂದು ಹಳೇ ಸುದ್ದಿ ಹೇಳಬೇಕು. ಈ ಆಟ ಹುಟ್ಟಿದ್ದು 1891ರಾಗ, ಅಮೆರಿಕಾದ ಸ್ಪ್ರಿಂಗ್‌ಫೀಲ್ಡ್ ಅನ್ನೂ ಊರಾಗ. ಜೇಮ್ಸ್ ನೈಸ್ಮಿತ್ ಅನ್ನೂ ಮಾಸ್ತರು ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಸುರು ಮಾಡಿದ್ರು. ಮರುವರ್ಷನ ಅಲ್ಲೇ ಹತ್ರದ ಸ್ಮಿತ್ ಕಾಲೇಜಿನ್ಯಾಗ ಸೆಂಡಾ ಬೆರೆನ್ಸನ್ ಅನ್ನೂ ಬಾಯಾರು ಹೆಣ್ಣುಮಕ್ಕಳಿಗೆ ಇದನ್ನ ಕಲಿಸಿದ್ರು. 1893ರಾಗ ಅಲ್ಲಿ ನಡದ ಮ್ಯಾಚಿಗೆ ಗಂಡಸರನ್ನ ಒಳಗ ಬಿಡಲಿಲ್ಲಂತ! ಆದ್ರ ಹೆಣ್ಣುಮಕ್ಕಳಿಗೆ ಅಷ್ಟು ಓಡೂದು ಛೊಲೊ ಅಲ್ಲ ಅಂತ ಅಂಗಳಾನ್ನ ಮೂರು ಭಾಗ ಮಾಡಿ ಗೆರಿ ಹೊಡದ್ರು. ತನ್ನ ಭಾಗದ ಗೆರಿ ಯಾರೂ ದಾಟಬಾರದು. ಗೆರಿ ದಾಟಬಾರದ ಅಂಥಾ ಆಟ ಒಂದೊಂದು ಕಡೆ ಭಾಳ ವರ್ಷ ಉಳೀತು. ಅಮೆರಿಕಾದ ಅಯೋವಾ ರಾಜ್ಯದ ಹೈಸ್ಕೂಲ್ ಹುಡುಗೀರು ಆರು ಮಂದಿ, ಎರಡು ಭಾಗ ಮಾಡಿ ಆಡೂದು 1993ರ ತನಕ ಇತ್ತು. ಅಂದ್ರ ನನ್ನ ಲಗ್ನದ ಕಾಲದ ತನಕ!

ಇದನ್ನ ಕೇಳಿದಾಗ ನನಗನ್ನಿಸಿದ್ದು ಇಷ್ಟ. ಝೋನ್ ಅನ್ನೂದು ನಾವ ಐದು ಮಂದಿ ಕೂತು ಹಂಚ್ಕೊಂಡ್ರ ಬಲ. ಬ್ಯಾರೆಯವರು ಗೆರಿ ಹೊಡದು ಇದರಾಗ ಇರು ಅಂದ್ರ ಬಂದೀಖಾನಿ. ನೋಡಾಕ ಎರಡೂ ಒಂದ ತರಾ ಕಾಣತಾವ.

ಝೋನ್ ಬ್ಯಾಡ ಅಂದವರೂ ಇದ್ದಾರ. ಅಮೆರಿಕಾದ ಎನ್‌ಬಿಎದಾಗ 2001ರ ತನಕ ಝೋನ್ ಆಡಾಕ ಬಿಡತಿದ್ದಿಲ್ಲ. ಸಣ್ಣ ಹುಡುಗೂರಿಗೆ ಝೋನ್ ಕಲಿಸಬಾರದು ಅಂತ ಎಷ್ಟೋ ದೇಶದಾಗ ನಿಯಮ ಅದ. ಯಾಕಂದ್ರ ಸಣ್ಣವರಿದ್ದಾಗ ಒಬ್ಬರನ್ನ ಹಿಡದು ಕಾಲು ಓಡಿಸೂದು ಕಲೀದಿದ್ರ ಮುಂದ ಯಾವ ಝೋನೂ ಬರಂಗಿಲ್ಲ. ಮೊದಲು ರೊಟ್ಟಿ ಬಡಿಯೂದು ಕಲಿ, ಆಮ್ಯಾಲ ಹೋಳಿಗಿ ಲಟ್ಟಿಸುವಿಯಂತ ಅಂತ ನಮ್ಮವ್ವ ಹೇಳತಿದ್ಲಲ್ಲ, ಹಂಗ.

ಈಗ ನಮ್ಮ ಹುಡುಗೀರ ಜಿಲ್ಲಾ ಮಟ್ಟದ ಫೈನಲ್ ಸುದ್ದಿಗೆ ಬರತೀನಿ. ನಮ್ಮ ಟೀಮಿನ್ಯಾಗ ಒಬ್ಬಾಕಿ ಇದ್ಲು, ಎಲ್ಲಾರೂ ಗುಬ್ಬಿ ಅಂತ ಕರೀತಿದ್ರು. ಎತ್ತರ ಐದು ಫೂಟ್ ಸಹಿತ ಇಲ್ಲ. ಅಪ್ಪ ಟಂಟಂ ಓಡಸತಾನ, ಸಂತಿಗೆ ಕಾಯಿಪಲ್ಲೆ ಸಾಗಿಸತಾನ. ಮೂರು ಹೆಣ್ಣುಮಕ್ಕಳಾಗ ಇಕಿ ನಡುವಿನಾಕಿ. ಅಪ್ಪ ಒಂದ ಮಾತು ಹೇಳಿದ್ದ. "ಆಟದಾಗ ರಾಜ್ಯ ಮಟ್ಟಕ್ಕ ಹೋದ್ರ ಕ್ರೀಡಾ ಕೋಟಾದಾಗ ಡಿಗ್ರಿ ಸೀಟು ಸಿಗತದಂತ, ಕಲಿ. ಇಲ್ಲಂದ್ರ ಪಿಯುಸಿ ಸಾಕು, ಹುಡುಗ ನೋಡಿಟ್ಟೇನಿ." ಮಾತು ಒರಟು ಅನಿಸಬಹುದು, ಆದ್ರ ಅವನ ಹತ್ರ ರೊಕ್ಕ ಇದ್ದಿಲ್ಲ, ಆ ಮಾತೂ ಖರೇನ. ಹಿರೇಮಗಳ ಲಗ್ನದ ಸಾಲ ಇನ್ನೂ ಹರದಿದ್ದಿಲ್ಲ. ಗುಬ್ಬಿ ಇದನ್ನ ಯಾರಿಗೂ ಹೇಳಿದ್ದಿಲ್ಲ. ನಮ್ಮನಿಗೆ ಅವಲಕ್ಕಿ ತಿನ್ನಾಕ ಬಂದಾಗ ನನ್ನ ಮುಂದ ಹೇಳಿದ್ಲು, ಅದೂ ನಕ್ಕೋತ.

ಫೈನಲ್ ಹಿಂದಿನ ದಿವಸ ಎದುರಿನ ಟೀಮಿನ ಸೆಮಿಫೈನಲ್ ಇತ್ತು. ಸರ್ ಹುಡುಗೀರಿಗೆ "ಕುಂತು ನೋಡ್ರಿ, ನಾಳೆ ಯಾವ ಡಿಫೆನ್ಸ್ ಅಂತ ನೀವ ಹೇಳ್ರಿ" ಅಂದ್ರು. ಹುಡುಗೀರು ನೋಡತಾರೋ, ಮಾತಾಡತಾರೋ? ನಾನು ಕಿರಾಣಿ ಚೀಟಿ ಹಿಂದ ರಂಗೋಲಿಗೆ ಚುಕ್ಕಿ ಇಟ್ಟಂಗ ಅಂಗಳದ ಚಿತ್ರಾ ತಗದು, ಎದುರಿನವರು ಎಲ್ಲಿಂದ ಒಗದ್ರು ಅನ್ನೂದನ್ನ ಗುರುತು ಹಾಕೋತ ಕುಂತೆ. ಬಿದ್ದದ್ದಕ್ಕ ಚುಕ್ಕಿ, ಬೀಳದ್ದಕ್ಕ ಗೀಟು. ಮ್ಯಾಚ್ ಮುಗಿಯೂದ್ರಾಗ ಚೀಟಿನ ಹೇಳಾಕ ಹತ್ತಿತ್ತು. ರಿಂಗಿನ ಕೆಳಗ ಚುಕ್ಕಿ ಗಿಚ್ಚ. ಅವರಲ್ಲೆ ಒಬ್ಬಾಕಿ ಭಾಳ ಎತ್ತರದಾಕಿ ಇದ್ಲು, ಅಕಿ ಕೈಗೆ ಚೆಂಡು ಕೊಟ್ರ ಸಾಕಿತ್ತು. ಹೊರಗಿಂದ ಒಗದದ್ದು ಎಲ್ಲಾ ಗೀಟ. ಬರೇ ಮೂರು ಚುಕ್ಕಿ, ಮೂರೂ ಬಲಗಡೆ ಮೂಲ್ಯಾಗ, ಮೂರೂ 9ನೇ ನಂಬರಿನ ಹುಡುಗಿ ಹಾಕಿದ್ದು.

ರಾತ್ರಿ ನಮ್ಮ ಪಡಸಾಲ್ಯಾಗ ಸಭಾ ಕೂಡಿತು. ಒಬ್ಬಾಕಿ ಬಾಕ್ಸ್ ಅಂಡ್ ವನ್ ಅಂದ್ಲು, 9ನೇದಾಕಿಗೆ ಒಬ್ಬಾಕಿನ್ನ ಹಚ್ಚೋಣು ಅಂತ. ನನ್ನ ಮಗಳು ಒಪ್ಪಲಿಲ್ಲ. "ಮೂರು ಚೆಂಡು ಹಾಕಿದಾಕಿಗೆ ಒಬ್ಬಾಕಿನ್ನ ಕೊಟ್ಟು, ಇಪ್ಪತ್ತು ಹಾಕಿದಾಕಿಗೆ ಜಾಗಾ ಬಿಟ್ಟುಕೊಡೂದಾ?" ಅಂದ್ಲು. ಮೂರು ಎರಡು ಅಂದ್ರ ಒಳಗ ಇಬ್ಬರ ಆಗತಾರ, ಆ ಎತ್ತರದಾಕಿಗೆ ಹಬ್ಬ. ಕಡೀಕ 2-3 ಅಂತ ಆತು. ಬಲಗಡೆ ಮೂಲಿಗೆ 9ನೇದಾಕಿ ಬಂದ್ರ ಮಾತ್ರ ಹಿಂದಿನ ಸಾಲಿನ ಆ ಕಡಿಯಾಕಿ ಕೈ ಎತ್ತಿ ಓಡಿಹೋಗಬೇಕು, ನಡುವಿನಾಕಿ ಅಕಿ ಜಾಗಾಕ್ಕ ಸರೀಬೇಕು. ಗುಬ್ಬಿ ಮುಂದಿನ ಇಬ್ಬರಾಗ ಒಬ್ಬಾಕಿ.

ಮರುದಿವಸ ಮೊದಲ ಅರ್ಧಾ ಆಟ ನಾವು ಅಂದ್ಕೊಂಡಂಗ ನಡೀತು. ಆ ಎತ್ತರದಾಕಿಗೆ ಒಳಗ ಉಸರಾಡಾಕ ಜಾಗಾ ಇದ್ದಿಲ್ಲ. ನಾವು ನಾಕು ಪಾಯಿಂಟು ಮುಂದ ಇದ್ವಿ. ಆದ್ರ ಎದುರಿನ ಕೋಚೂ ಕಣ್ಣು ಮುಚ್ಚಿಕೊಂಡು ಕುಂತಿದ್ದಿಲ್ಲ. ಮೂರನೇ ಭಾಗದಾಗ ಆ ಎತ್ತರದಾಕಿನ್ನ ರಿಂಗಿನ ಕೆಳಗಿಂದ ತಗದು ನಟ್ಟನಡುವ ಫ್ರೀ ಥ್ರೋ ಗೆರಿ ಹತ್ರ ನಿಂದ್ರಿಸಿದ. ನಾನು ಮೊದಲ ಹೇಳಿದ್ನೆಲ್ಲಾ ತೂತು, ಅಲ್ಲೇ. ಅಕಿ ಅಲ್ಲಿ ಚೆಂಡು ಹಿಡದು ಒಮ್ಮೆ ಆ ಕಡೆ ಕೊಡತಾಳ, ಒಮ್ಮೆ ಈ ಕಡೆ ಕೊಡತಾಳ, ಯಾರೂ ಬರದಿದ್ರ ತಾನ ಒಗೀತಾಳ. ನಮ್ಮ ನಡುವಿನಾಕಿ ಮುಂದ ಬಂದ್ರ ರಿಂಗಿನ ಕೆಳಗ ಖಾಲಿ. ನೋಡ್ತ ನೋಡ್ತ ನಾವು ಐದು ಪಾಯಿಂಟು ಹಿಂದ ಬಿದ್ವಿ.

ಸರ್ ಟೈಮ್ಔಟ್ ತಗೊಂಡು "3-2ಕ್ಕ ಹೋಗೂಣೇನು?" ಅಂದ್ರಂತ. ಆಗ ಗುಬ್ಬಿ ಬಾಯಿ ತಗದ್ಲು. "ಬ್ಯಾಡ ಸರ್. ಹಿಂದಿನ ಮೂವರು ಅಲ್ಲೇ ಇರಲಿ. ಮುಂದಿನ ನಾವಿಬ್ಬರಾಗ ಚೆಂಡು ಇಲ್ಲದ ಕಡೆ ಇದ್ದಾಕಿ ನಡುಕ ಇಳೀಲಿ. ಅಕಿ ಮುಂದ ನಾ ನಿಂದರತೀನಿ" ಅಂದ್ಲು. ಆ ಎತ್ತರದಾಕಿ ಎದಿಮಟ್ಟಕ್ಕೂ ಬರದ ಹುಡುಗಿ! ಆದ್ರ ಅಕಿ ಲೆಕ್ಕಾ ಬರೋಬರಿ ಇತ್ತು. ಬೆನ್ನ ಹಿಂದ ನಿಂತ್ರ ಗಿಡ್ಡಾಕಿ ಏನೂ ಮಾಡಾಕ ಬರಂಗಿಲ್ಲ. ಮುಂದ ನಿಂತ್ರ ನೇರ ಪಾಸು ಬರಂಗಿಲ್ಲ. ತಲಿ ಮ್ಯಾಲಿಂದ ಎತ್ತಿ ಒಗದ್ರ ಚೆಂಡು ಗಾಳ್ಯಾಗ ಇರೂದ್ರಾಗ ಹಿಂದಿನಾಕಿ, ಅಂದ್ರ ನನ್ನ ಮಗಳು, ಬಂದು ಕಸಗೋಬಹುದು. ಒಂದು ಕಡೆ ಹೊರಗ ಖಾಲಿ ಬೀಳತದ, ಬೀಳಲಿ. ಹೊರಗಿಂದ ಅವರದು ಎಲ್ಲಾ ಗೀಟ ಅಲ್ಲಾ, ನಮ್ಮ ಕಿರಾಣಿ ಚೀಟಿ ಪ್ರಕಾರ!

ಹಂಗ ಮಾಡಿದ್ರು. ಮೂರು ಪಾಸು ಕಸಗೊಂಡ್ರು. ಕಡೀ ಅರ್ಧ ನಿಮಿಷ ಇದ್ದಾಗ ನಾವು ಒಂದ ಪಾಯಿಂಟು ಮುಂದ, ಚೆಂಡು ಅವರದು. ಚೆಂಡು ಸುತ್ತಿ ಸುತ್ತಿ ಬಲಗಡೆ ಮೂಲಿಗೆ 9ನೇದಾಕಿ ಕೈಗೆ ಹೋತು. ನಮ್ಮಾಕಿ ಕೈ ಎತ್ತಿಕೊಂಡು ಓಡಿದ್ಲು. 9ನೇದಾಕಿ ಒಗದ್ಲು, ರಿಂಗಿಗೆ ಬಡದು ಮ್ಯಾಲ ಹಾರಿತು.

ಇಲ್ಲಿ ಒಂದು ಮಾತು ಹೇಳಬೇಕು. ಝೋನಿನ ದೊಡ್ಡ ದೋಷ ಇದ. ಮ್ಯಾನ್ ಟು ಮ್ಯಾನಿನ್ಯಾಗ ನೀನು ಹಿಡದಾಕಿ ಯಾರು ಅಂತ ಗೊತ್ತಿರತದ, ಚೆಂಡು ಹಾರಿದಾಗ ಅಕಿನ್ನ ಬೆನ್ನಿಗೆ ಹಾಕ್ಕೊಂಡು ಅಡ್ಡ ನಿಂತ್ರಾತು. ಝೋನಿನ್ಯಾಗ ಯಾರು ಯಾರನ್ನ ತಡೀಬೇಕು ಅಂತ ಬರದಿರಂಗಿಲ್ಲ. ಎಲ್ಲಾರೂ ಮ್ಯಾಲ ಚೆಂಡು ನೋಡತಾರ, ಎದುರಿನಾಕಿ ಹಿಂದಿಂದ ಬಂದು ತಗೊಂಡು ಹಾಕಿ ಹೋಗತಾಳ. ರಿಬೌಂಡ್ ಅಂತಾರ ಅದಕ್ಕ. ಆ ಎತ್ತರದಾಕಿ ಹಂಗ ಓಡಿ ಬಂದ್ಲು. ಗುಬ್ಬಿ ಚೆಂಡು ನೋಡಲೇ ಇಲ್ಲ. ತಿರುಗಿ ಆ ಹುಡುಗೀಗೆ ಬೆನ್ನು ಕೊಟ್ಟು ಕಾಲು ಅಗಲಿಸಿ ಹುಣಸಿ ಗಿಡದಂಗ ನಿಂತಳು. ಅಕಿ ದಾಟಲಿಲ್ಲ. ಚೆಂಡು ನನ್ನ ಮಗಳ ಕೈಗೆ ಬಂತು. ಸೀಟಿ ಊದಿದ್ರು.

ಪೇಪರಿನ್ಯಾಗ ಹೆಸರು ಬಂದದ್ದು ಹೆಚ್ಚು ಪಾಯಿಂಟು ಹಾಕಿದವರದು. ಗುಬ್ಬಿ ಹಾಕಿದ್ದು ಬರೇ ನಾಕು. ಅವರಪ್ಪ ಗೇಟಿನ ಹೊರಗ ಟಂಟಂ ನಿಂದ್ರಿಸಿ ಸರಳಿನ ಸಂದ್ಯಾಗಿಂದ ನೋಡಿದ್ದನಂತ, ನಮಗ ಆಮ್ಯಾಲ ಗೊತ್ತಾತು. ರಾಜ್ಯ ಮಟ್ಟದಾಗ ಮೊದಲನೇ ಮ್ಯಾಚಿಗೇ ಸೋತು ಬಂದ್ರು, ಅದನ್ನೂ ಹೇಳಿಬಿಡಬೇಕು. ಆ ಟೀಮಿನವರು ಹೊರಗಿಂದ ಒಗದದ್ದೆಲ್ಲಾ ಬೀಳತಿತ್ತು. 2-3 ಹರದು ಹೋತು, 3-2 ಹಚ್ಚಿದ್ರ ಒಳಗ ನುಗ್ಗಿದ್ರು. ಎಲ್ಲಾ ಮಳಿಗೂ ಒಂದ ಛತ್ರಿ ಸಾಲಂಗಿಲ್ಲ. ಆದ್ರ ಅಪ್ಪ ಮಾತಿಗೆ ತಪ್ಪಲಿಲ್ಲ. ಗುಬ್ಬಿ ಈಗ ಬಿ.ಕಾಂ. ಎರಡನೇ ವರ್ಷ. ತಂಗಿಗೂ ಚೆಂಡು ಕೊಡಿಸ್ಯಾಳ.

ಇನ್ನ ಮನಿ ಮಾತು. ಹೋದ ವರ್ಷ ದೀಪಾವಳಿ ಮುಂದ ನಮ್ಮ ಅತ್ತಿ ಬಚ್ಚಲದಾಗ ಜಾರಿ ಬಿದ್ದು ಟೊಂಕದ ಎಲುವು ಮುರೀತು. ಎಂಬತ್ತೆರಡು ವರ್ಷ. ಆಪರೇಶನ್ ಆತು, ಮನಿಗೆ ಬಂದ್ರು. ಹೊಳ್ಳಿ ಹಾಕಬೇಕು, ಒರಸಬೇಕು, ಹೊತ್ತಿಗೆ ಗುಳಿಗಿ, ರಾತ್ರಿ ಎರಡು ಸಲ ಏಳಬೇಕು. ನಾವು ಮೂವರು ನೆಗೆಣ್ಣೇರು, ಬಾಜೂಬಾಜೂಕ ಮನಿ. ಗಂಡಸರು ಕೂತು ಒಂದ ಮಾತಿನ್ಯಾಗ ತೀರ್ಮಾನ ಮಾಡಿದ್ರು. "ಅಕ್ಕಾ ನೋಡ್ಕೋತಾಳ ಬಿಡ್ರಿ, ಅವ್ವಗೂ ಅಕಿನ ಬೇಕು." ಅಕ್ಕಾ ಅಂದ್ರ ನಮ್ಮ ಹಿರೇ ನೆಗೆಣ್ಣಿ. ಅಕಿಗೆ ಅರವತ್ತು ದಾಟ್ಯಾವ, ಸಕ್ಕರಿ ಕಾಯಿಲೆ ಅದ, ಬೆನ್ನು ನೋವು ಅದ. ಅಕಿ ಬ್ಯಾಡ ಅನ್ನೂ ಪೈಕಿ ಅಲ್ಲ. ಸೆರಗು ಸೊಂಟಕ್ಕ ಸಿಗಿಸಿಕೊಂಡು ಎದ್ದ ಬಿಟ್ಲು.

ನಾನು ಎಲ್ಲಾರನ್ನೂ ಕೂಡಿಸಿ ಹೇಳಿದೆ. ಇದು ಮ್ಯಾನ್ ಟು ಮ್ಯಾನ್ ಆತು, ಒಬ್ಬಾಕಿನ ಮ್ಯಾಲ ಒಬ್ಬಾಕಿ. ಎಂಟು ದಿನ ನಡೀತದ, ಒಂಬತ್ತನೇ ದಿನ ಎರಡು ಹಾಸಿಗಿ ಹಾಕಬೇಕಾಗತದ. ನಮ್ಮ ಭಾವನವರು ನಕ್ಕು "ಇದೇನು ಮೈದಾನ ಅಂತ ತಿಳಿದಿಯೇನು?" ಅಂದ್ರು. ಆದ್ರೂ ನಾನು ಆ ನಾಕು ಪ್ರಶ್ನಿನ ಕೇಳಿದೆ. ತ್ರಾಸ ಎಲ್ಲಿಂದ ಬರತದ? ರಾತ್ರಿ ಮತ್ತ ಮುಂಜಾನೆ. ನಮ್ಮಲ್ಲೆ ಕಸುವು ಯಾರಿಗೆ ಅದ? ಹೊಳ್ಳಿ ಹಾಕಾಕ ಸಣ್ಣ ನೆಗೆಣ್ಣಿ ಮತ್ತ ಅಕಿ ಮಗ. ಯಾರಿಗೆ ನಾಕು ಫೌಲ್ ಆಗ್ಯಾವ? ಅಕ್ಕಾಗ. ಉಸುರು ಯಾರಿಗೆ ಉಳದದ? ಇಡೀ ದಿನ ಟಿವಿ ನೋಡೂ ರಿಟೈರ್ ಆದ ಇಬ್ಬರು ಗಂಡಸರಿಗೆ!

ಹಂಗಾಗಿ ಹೊತ್ತು ಹಂಚಿದ್ವಿ. ಮುಂಜಾನೆ ಸ್ನಾನ, ಬಟ್ಟಿ ಸಣ್ಣಾಕಿ. ಊಟ, ಗುಳಿಗಿ ನಾನು. ಮಧ್ಯಾಹ್ನ ಎರಡರಿಂದ ಐದು ಭಾವನವರು. ರಾತ್ರಿ ನಮ್ಮನಿಯವರು ಒಂದು ದಿನ, ಸಣ್ಣ ಮೈದುನ ಒಂದು ದಿನ, ಕರದ್ರ ನಾವು ಏಳೂದು. ಅಕ್ಕಾಗ ಬರೇ ಅತ್ತಿ ಹತ್ರ ಕುಂತು ಮಾತಾಡೂದು, ತಲಿ ಬಾಚೂದು. ಅತ್ತಿಗೆ ಬೇಕಾಗಿದ್ದು ಅಕ್ಕಾನ ಮಾತು, ಅಕ್ಕಾನ ಬೆನ್ನಲ್ಲ. ಗಂಡಸರಿಗೆ ಮೊದಲು ನಾಚಿಕಿ, ಆಮ್ಯಾಲ ರೂಢಿ ಆತು. ನಮ್ಮನಿಯವರು ಈಗ ಗಂಜಿ ಕುಡಸೂದ್ರಾಗ ನನಗಿಂತ ಶಾಣ್ಯಾ.

ಆದ್ರ ಇಲ್ಲೂ ರಿಬೌಂಡ್ ಇರತಾವ್ರೀ. ಯಾರ ಜಾಗಾನೂ ಅಲ್ಲದ ಕೆಲಸ. ಗುಳಿಗಿ ತೀರಿದ್ರ ತರೂದು ಯಾರು? ನಳಾ ಬಂದ ದಿವಸ ನೀರು ತುಂಬೂದು ಯಾರು? ಅತ್ತಿ ನೋಡಾಕ ಬಂದವರಿಗೆ ಚಹಾ ಯಾರು? ಅಂಥಾವೆಲ್ಲಾ ಸುಮ್ಮಸುಮ್ಮನ ಅಕ್ಕಾನ ಕಡಿಗೇ ಉರುಳತಿದ್ವು. ಹೆಣ್ಣುಮಕ್ಕಳ ಆಯುಷ್ಯ ಸವಿಯೂದು ಇಂಥಾ ಬಿದ್ದ ಕೆಲಸ ಆರಿಸೂದ್ರಾಗ. ಅದಕ್ಕ ಅವನ್ನೂ ಒಂದು ಹಾಳಿ ಮ್ಯಾಲ ಬರದು ಫ್ರಿಜ್ಜಿಗೆ ಅಂಟಿಸಿದ್ವಿ, ಹೆಸರು ಹಾಕಿ. ನಳದ ಮುಂದ ಸಣ್ಣ ಮೈದುನನ ಹೆಸರು ನೋಡಿ ನಮ್ಮ ಅತ್ತಿ ಮಲಗಿದಲ್ಲೇ ನಕ್ಕಿದ್ದು, ಬಿದ್ದ ಮ್ಯಾಲ ಅದ ಮೊದಲ ನಗಿ.

ಮೂರು ತಿಂಗಳಾದ ಮ್ಯಾಲ ಅತ್ತಿ ವಾಕರ್ ಹಿಡದು ಅಡ್ಡಾಡಾಕ ಹತ್ತಿದ್ರು. ಅಕ್ಕಾ ಹಾಸಿಗಿ ಹಿಡೀಲಿಲ್ಲ. ಹಾಳಿ ಇನ್ನೂ ಫ್ರಿಜ್ಜಿನ ಮ್ಯಾಲ ಅದ, ತಿಂಗಳಿಗೊಮ್ಮೆ ಹೆಸರು ಬದಲಿ ಮಾಡತೀವಿ. ಒಂದ ಝೋನ್ ಹಚ್ಚಿ ಮರತುಬಿಟ್ರ ಎದುರಿನವರು ತೂತು ಹುಡಕತಾರ ಅಲ್ಲಾ, ಹಂಗ ತ್ರಾಸೂ ತೂತು ಹುಡಕತದ.

ನಿಮ್ಮನ್ಯಾಗ ವಯಸ್ಸಾದವರು, ಬಾಣಂತೇರು, ಹಾಸಿಗಿ ಹಿಡದವರು ಇದ್ರ ಯಾರು ನೋಡ್ಕೋತಾರ? ಒಬ್ಬಾಕಿನ ಆಗಿದ್ರ ಅಕಿಗೆ ಎಷ್ಟು ಫೌಲ್ ಆಗ್ಯಾವ ಅಂತ ಇವತ್ತ ಸಂಜಿಕ ಕೂತು ಎಣಸ್ರಿ. ಅಕಿ ತಾನಾಗಿ ಹೇಳಂಗಿಲ್ಲ. ಐದನೇದು ಆಗೂಕಿಂತ ಮೊದಲ ಜಾಗಾ ಹಂಚ್ಕೋರಿ, ಗಂಡಸರಿಗೂ ಒಂದು ಮೂಲಿ ಕೊಡ್ರಿ, ಬಿದ್ದ ಕೆಲಸಕ್ಕೂ ಹೆಸರು ಬರೀರಿ. ಮತ್ತ ನಿಮ್ಮ ಓಣ್ಯಾಗ ಯಾವುದರೆ ಗುಬ್ಬಿಯಂಥಾ ಹುಡುಗಿ ಚೆಂಡು ಹಿಡಕೊಂಡು ಹೊಂಟ್ರ "ಕತ್ತಲಾತು, ಮನಿಗೆ ನಡಿ" ಅನ್ನೂ ಮೊದಲು ಒಂದು ತಾಸು ಆ ಕಟ್ಟಿ ಮ್ಯಾಲ ಕುಂತು ನೋಡ್ರಿ. ಮೆಂತೆ ಪಲ್ಲೆ ಅಲ್ಲೇ ಸೋಸಬಹುದು.